ಅಳುವ ಹಾಡು ಮಾತ್ರ ಸ್ವಂತದ್ದಾ?

ಅಮೆರಿಕದ ಕಂಟ್ರಿ-ಪಾಪ್ (ಅಲ್ಲಿನ ಹಳ್ಳಿಗಾಡಿನ ಹಾಡಿನ ಶೈಲಿ ಪಾಪ್ ಜೊತೆ ಸೇರಿದ್ದು) ಗಾಯಕಿಯರಲ್ಲಿ ಯಾರಿಗಾದರೂ ಡಿವೋರ್ಸ್ ಆಯ್ತು ಅಂದರೆ ಸ್ವಲ್ಪ ದಿನದಲ್ಲೇ ಒಂದು ಆಲ್ಬಂ ಬರುತ್ತೆ. ಅದರ ಬೆನ್ನಿಗೇ ವಿಮರ್ಶೆಗಳು. 'ಮಾಗಿದ ದನಿ', 'ಇದುವರೆಗಿನ ಅತ್ಯಂತ ವೈಯಕ್ತಿಕ ಆಲ್ಬಂ' ಅನ್ನುವ ಮಾತುಗಳು ಇಲ್ಲದ ವಿಮರ್ಶೆ ಸಿಗುವುದೇ ಕಷ್ಟ. 2021ರಲ್ಲಿ ಕೇಸಿ ಮಸ್‌ಗ್ರೇವ್ಸ್ 'ಸ್ಟಾರ್-ಕ್ರಾಸ್ಡ್' ತಂದಾಗ ಹೀಗೇ ಆಯ್ತು. ಅದೇ ವರ್ಷ ಕಾರ್ಲಿ ಪಿಯರ್ಸ್, 2023ರಲ್ಲಿ ಕೆಲ್ಸಿ ಬ್ಯಾಲರಿನಿ, ಎಲ್ಲರದ್ದೂ ಇದೇ ಕತೆ. ಈ ಆಲ್ಬಂಗಳು ನನಗೆ ಇಷ್ಟ, ಅದರಲ್ಲಿ ಅನುಮಾನ ಬೇಡ. ಆದರೆ ಆ ಮಾತು ಓದಿದಾಗೆಲ್ಲ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತೆ. ಇದು ಸ್ವಂತದ್ದು ಅನ್ನುವುದಾದರೆ ಇವರ ಹಳೇ ಹಾಡುಗಳೆಲ್ಲ ಪಕ್ಕದ ಮನೆಯವರದ್ದಾ? ನಕ್ಕಿದ್ದು, ಕುಣಿದಿದ್ದು, ಹುಡುಗರನ್ನು ರೇಗಿಸಿದ್ದು ಯಾರು?

ಈ ಪ್ರಶ್ನೆ ಇಟ್ಟುಕೊಂಡು ನಾನು ಮತ್ತೆ ಮತ್ತೆ ಹೋಗುವುದು ಒಂದೇ ಆಲ್ಬಂ ಹತ್ತಿರ. ಕೆನಡಾದ ಕಂಟ್ರಿ-ಪಾಪ್ ಗಾಯಕಿ ಶಾನಿಯಾ ಟ್ವೇನ್‌ಳ 'ನೌ'. 2017ರ ಸೆಪ್ಟೆಂಬರ್ 29ರಂದು ಬಂತು. ಅದಕ್ಕೆ ಮುಂಚಿನ ಹೊಸ ಆಲ್ಬಂ 'ಅಪ್!' ಬಂದಿದ್ದು 2002ರಲ್ಲಿ. ನಡುವೆ ಹದಿನೈದು ವರ್ಷ. ಪಾಪ್ ಲೋಕದಲ್ಲಿ ಅಷ್ಟು ಹೊತ್ತಿಗೆ ಕೇಳುವ ತಲೆಮಾರೇ ಬದಲಾಗಿರುತ್ತೆ. ಆದರೂ ಅದು ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಬಂದು ಕೂತಿತು. ಜನ ಹಾಡಿಗಾಗಿ ಕೊಂಡರೋ, ಗಂಡ ಬಿಟ್ಟ ಕತೆಗಾಗಿ ಕೊಂಡರೋ, ಅದು ಬೇರೆ ಮಾತು.

ಹಾಸ್ಟೆಲ್ಲಿನ ಟೇಪು

ನಮ್ಮ ಕಾಲದವರಿಗೆ ಶಾನಿಯಾ ಪರಿಚಯ ಆಗಿದ್ದು ಟಿವಿಯಲ್ಲಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ ಚಿರತೆ ಚುಕ್ಕಿಯ ಬಟ್ಟೆ ಹಾಕಿಕೊಂಡ ಒಬ್ಬಳು ಮರುಭೂಮಿಯಲ್ಲಿ ನಡೆದುಕೊಂಡು ಬರುತ್ತಾ, ರಾಕೆಟ್ ವಿಜ್ಞಾನ ಗೊತ್ತಿದ್ದವನನ್ನೂ ಕಾರಿದ್ದವನನ್ನೂ 'ಹೋಗೋ ಲೇ' ಅನ್ನುವ ಹಾಗೆ ಹಾಡುತ್ತಿದ್ದಳು. ರಾಕೆಟ್ ವಿಜ್ಞಾನ ಕಲಿಯಲು ಬಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುತ್ತಿದ್ದ ನಮಗೆ ಅದು ಸೀದಾ ನಮಗೇ ಹೇಳಿದ ಹಾಗಿತ್ತು. ನನ್ನ ರೂಮ್‌ಮೇಟ್ ಕೊಡಗಿನ ಹುಡುಗ. ಅವರ ಮನೆಯಲ್ಲಿ ಹಳೇ ಕಂಟ್ರಿ ಗಾಯಕ ಜಿಮ್ ರೀವ್ಸ್ ಕೇಳಿ ಬೆಳೆದವನು. ಕಂಟ್ರಿ ಅಂದರೆ ಹೀಗಿರಬೇಕು ಅಂತ ಅವನಿಗೆ ಒಂದು ಲೆಕ್ಕ ಇತ್ತು, ಮೆತ್ತಗೆ, ನಿಧಾನಕ್ಕೆ, ಸ್ವಲ್ಪ ಚರ್ಚಿನ ವಾಸನೆ ಇರಬೇಕು. ಶಾನಿಯಾಳ 'ಕಮ್ ಆನ್ ಓವರ್' ಕ್ಯಾಸೆಟ್ ತಂದವನೂ ಅವನೇ, 'ಇದು ಕಂಟ್ರಿನೇ ಅಲ್ಲ ಕಣೋ' ಅಂತ ಬೈದವನೂ ಅವನೇ. ಬೈಯುತ್ತಲೇ ಎ ಸೈಡು ಮುಗಿದ ಕೂಡಲೇ ಎದ್ದು ಬಿ ಸೈಡು ಹಾಕುತ್ತಿದ್ದ.

ಅವನ ಬೈಗುಳದಲ್ಲಿ ಅರ್ಥ ಇತ್ತು. ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನ ಹಳಬರೂ ಅದನ್ನೇ ಹೇಳುತ್ತಿದ್ದರು. ಶಾನಿಯಾಳ ಆಗಿನ ಗಂಡ, ಆಲ್ಬಂ ನಿರ್ಮಾಪಕ ಮಟ್ ಲ್ಯಾಂಗ್, ರಾಕ್ ತಂಡಗಳಾದ ಎಸಿ/ಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್', ಡೆಫ್ ಲೆಪರ್ಡ್‌ನ 'ಹಿಸ್ಟೀರಿಯಾ' ಮಾಡಿದ ಮನುಷ್ಯ. ಕ್ರೀಡಾಂಗಣ ತುಂಬಿಸುವ ರಾಕ್ ಸದ್ದಿನ ಮೇಲೆ ಪಿಟೀಲು, ಸ್ಟೀಲ್ ಗಿಟಾರ್ ತಂದು ಕೂರಿಸಿದ. ಕೋರಸ್‌ನಲ್ಲಿ ಹತ್ತಾರು ದನಿಗಳನ್ನು ಒಂದರ ಮೇಲೊಂದು ಪೇರಿಸಿದ. ಎಲ್ಲೂ ಒಂದು ಸುಕ್ಕು ಕಾಣದ ಹಾಗೆ ಇಸ್ತ್ರಿ ಹೊಡೆದ ಸಂಗೀತ ಅದು. 1997ರಲ್ಲಿ ಬಂದ ಆ ಆಲ್ಬಂ ಜಗತ್ತಿನಾದ್ಯಂತ ನಾಲ್ಕು ಕೋಟಿಗೂ ಜಾಸ್ತಿ ಮಾರಾಟ ಆಯಿತು. ಹದಿನಾರು ಹಾಡು, ಹದಿನಾರನ್ನೂ ಗಂಡ ಹೆಂಡತಿ ಕೂತು ಬರೆದಿದ್ದು.

(ಇಲ್ಲೊಂದು ತಮಾಷೆ ಹೇಳಲೇಬೇಕು. 2002ರ 'ಅಪ್!' ಮೂರು ಬಣ್ಣದಲ್ಲಿ ಬಂತು. ಅದೇ ಹತ್ತೊಂಬತ್ತು ಹಾಡು, ಕೆಂಪು ಡಿಸ್ಕಿನಲ್ಲಿ ಪಾಪ್, ಹಸಿರಿನಲ್ಲಿ ಕಂಟ್ರಿ, ನೀಲಿಯಲ್ಲಿ ಭಾರತೀಯ ವಾದ್ಯಗಳ ರೂಪ. ಅದಕ್ಕೆ ಕೈ ಹಾಕಿದವರು ಬರ್ಮಿಂಗ್‌ಹ್ಯಾಮ್‌ನ ಸೈಮನ್ ಮತ್ತು ಡೈಮಂಡ್ ದುಗ್ಗಲ್ ಸಹೋದರರು. ಉತ್ತರ ಅಮೆರಿಕದವರಿಗೆ ಕೆಂಪು-ಹಸಿರು, ಉಳಿದ ಲೋಕಕ್ಕೆ ಕೆಂಪು-ನೀಲಿ. ಹಸಿರು ಕೇಳಬೇಕು ಅಂತ ಬಾಯಿ ಬಿಟ್ಟುಕೊಂಡು ಕೂತ ನಮಗೆ ತಬಲಾ ಸಿಕ್ಕಿತು. ಕೊಡಗಿನ ಹುಡುಗ ಒಂದು ವಾರ ಮಾತಾಡಲಿಲ್ಲ. ಆದರೆ ಈಗ ಕೇಳಿದರೆ ಆ ನೀಲಿ ಡಿಸ್ಕು ಅಷ್ಟೇನೂ ಕೆಟ್ಟದಾಗಿಲ್ಲ.)

ಅದಲು ಬದಲು

ಮುಂದಿನ ಕತೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಹೇಳಿ ಮುಗಿಸ್ತೀನಿ. 2008ರಲ್ಲಿ ಗಂಡ ಹೆಂಡತಿ ಬೇರೆಯಾದರು. ಗಂಡನ ಸಂಬಂಧ ಶಾನಿಯಾಳ ಆಪ್ತ ಗೆಳತಿಯ ಜೊತೆ ಅಂತ ಸುದ್ದಿಯಾಯಿತು. 2010ರಲ್ಲಿ ಡಿವೋರ್ಸ್. 2011ರ ಹೊಸ ವರ್ಷದ ದಿನ ಶಾನಿಯಾ ಮದುವೆಯಾಗಿದ್ದು ಆ ಗೆಳತಿಯ ಮಾಜಿ ಗಂಡ ಫ್ರೆಡರಿಕ್ ಥಿಯೆಬೊನನ್ನು. ಅದಲು ಬದಲು ಕಂಚಿ ಕದಲು. ಪತ್ರಿಕೆಗಳಿಗೆ ಹಬ್ಬ. ನಮ್ಮ ವಾಟ್ಸಾಪ್ ಗುಂಪಿನಲ್ಲೂ ಹಾಸ್ಟೆಲ್ ಗೆಳೆಯರು ವರ್ಷಗಟ್ಟಲೆ ಇದನ್ನೇ ಎಳೆದಾಡಿದರು. ಅವಳ ಹಾಡು ಮರೆತವರಿಗೂ ಈ ಕತೆ ನೆನಪಿದೆ.

ಹಾಗಾಗಿ 'ನೌ' ಬಂದಾಗ ಎಲ್ಲರೂ ಅದರಲ್ಲಿ ಹುಡುಕಿದ್ದು ಗಂಡನನ್ನು. ಸಿಕ್ಕಿದ, ಸಿಗಲಿಲ್ಲ ಅಂತಲ್ಲ. 'ಪೂರ್ ಮಿ' ಅನ್ನುವ ಹಾಡಿದೆ, ನನ್ನನ್ನು ಬಿಟ್ಟು ಅವಳ ಹತ್ತಿರ ಹೋದನಲ್ಲಾ ಅನ್ನುವ ಹಾಡು. ಆದರೆ ಆ ಹೆಸರು ನೋಡಿ. 'ಪಾಪ ನಾನು' ಅಂತ ತನ್ನನ್ನೇ ಆಡಿಕೊಳ್ಳುವ ಹೆಸರು. ರಾತ್ರಿಯೆಲ್ಲ ಅತ್ತು ಬೆಳಗ್ಗೆ ಕನ್ನಡಿ ಮುಂದೆ ನಿಂತು, ಸಾಕು ಮಾಡೇ ತಾಯಿ ಅಂತ ತನಗೇ ಹೇಳಿಕೊಳ್ಳುವಂಥದ್ದು. ಶಾಪ ಇಲ್ಲ. ಗೆಳತಿಯ ಮೇಲೆ ಕೆಂಡ ಕಾರುವುದಿಲ್ಲ. ಮೊದಲು ಹೊರಬಿಟ್ಟ ಹಾಡು 'ಲೈಫ್ಸ್ ಅಬೌಟ್ ಟು ಗೆಟ್ ಗುಡ್', ಶುರುವಿನಲ್ಲಿ ನಾನು ಮುರಿದಿದ್ದಷ್ಟೇ ಅಲ್ಲ, ಚೂರು ಚೂರಾಗಿದ್ದೆ ಅನ್ನುತ್ತೆ, ಕೋರಸ್ಸಿಗೆ ಬರುವಷ್ಟರಲ್ಲಿ ಚಪ್ಪಾಳೆ ತಟ್ಟುವ ಹಾಡಾಗಿಬಿಡುತ್ತೆ. ಕೆಲವರಿಗೆ ಇದು ಸರಿಬರಲಿಲ್ಲ. ದುಃಖ ಅಂದರೆ ದುಃಖದ ಹಾಗೆ ಇರಬೇಕು, ನಡುವೆ ಕುಣಿಯುವುದೇನು ಅಂತ. ನನಗೆ ಅನ್ನಿಸುವುದು, ಈ ಆಲ್ಬಂನಲ್ಲಿ ಶಾನಿಯಾ ತನಗೆ ತಾನು ಅತಿ ಹತ್ತಿರ ಇರುವುದು ಅಲ್ಲೇ. ಅವಳು ಯಾವತ್ತೂ ಹೀಗೇ ಇದ್ದಳು. ಅದು ಹೇಗೆ ಅಂತ ಮುಂದೆ ಬರ್ತೀನಿ.

ಈ ಆಲ್ಬಂನ ಹಾಡುಗಳನ್ನೆಲ್ಲ ಅವಳೊಬ್ಬಳೇ ಬರೆದಳು. ಗಂಡನ ಜೊತೆ ಮಾಡಿದ ಸದ್ದಿನ ನೆರಳೂ ಬೇಡ ಅಂತ ನಾಲ್ಕು ಬೇರೆ ಬೇರೆ ನಿರ್ಮಾಪಕರನ್ನು ಇಟ್ಟುಕೊಂಡಳು. ಅದರ ಫಲ ಎರಡೂ ತರಹದ್ದು. ಆಲ್ಬಂ ಒಂದೇ ಮನೆಯಂತಿಲ್ಲ. ಒಂದು ಹಾಡು ರೆಗ್ಗೆ ಕಡೆ ವಾಲುತ್ತೆ, ಇನ್ನೊಂದು ಡಿಸ್ಕೊ ಕಡೆ, ಮತ್ತೊಂದರಲ್ಲಿ ಬ್ಯಾಂಜೊ. ಸಾಹಿತ್ಯದಲ್ಲಿ ಮಟ್ ಇದ್ದಾಗಿನ ಚುರುಕು, ಆ ಪದಗಳ ಆಟ ಕಡಿಮೆ. ಕೆಲವು ಸಾಲು ಸಪ್ಪೆ, ಶುಭಾಶಯ ಪತ್ರದಲ್ಲಿ ಬರೆಯುವಂಥ ಸಾಲುಗಳು. ಇನ್ನೊಬ್ಬರು ಪಕ್ಕದಲ್ಲಿ ಕೂತಿದ್ದರೆ ಕತ್ತರಿ ಹಾಕಿಸುತ್ತಿದ್ದರು. ಯಾರೂ ಕೂತಿರಲಿಲ್ಲ ಅನ್ನುವುದು ಗೊತ್ತಾಗುತ್ತೆ, ಅದೇ ನನಗೆ ಇಷ್ಟ.

ಗಂಟಲು

ಈ ಆಲ್ಬಂನ ನಿಜವಾದ ಸುದ್ದಿ ಡಿವೋರ್ಸ್ ಅಲ್ಲ, ಗಂಟಲು.

'ಅಪ್!' ಆಲ್ಬಂನ ಪ್ರವಾಸದ ಹೊತ್ತಿನಲ್ಲಿ ಕುದುರೆ ಸವಾರಿಗೆ ಹೋದಾಗ ಶಾನಿಯಾಳಿಗೆ ಒಂದು ಉಣುಗು ಕಚ್ಚಿತು. ಉಣುಗು ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮಂಗನ ಕಾಯಿಲೆಯ ಸೀಸನ್ನು ಬಂದರೆ ಕಾಡಿಗೆ ಹೋಗಲು ಹೆದರುವ ಊರುಗಳು ನಮ್ಮವು. ಅಲ್ಲಿ ಉಣುಗಿನಿಂದ ಬರುವುದು ಲೈಮ್ ಕಾಯಿಲೆ. ವೇದಿಕೆ ಮೇಲೆ ತಲೆ ಸುತ್ತುತ್ತಿತ್ತು, ಅರೆಕ್ಷಣ ಕಣ್ಣು ಕತ್ತಲಾಗುತ್ತಿತ್ತು. ಆಮೇಲೆ ದನಿ ಹೋಯಿತು. ಪೂರ್ತಿ ಹೋಗಲಿಲ್ಲ, ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಡಿಸ್ಫೋನಿಯಾ ಅನ್ನುತ್ತಾರೆ. ಗಂಟಲಿನ ಪಟ್ಟಿಗಳನ್ನು ಆಡಿಸುವ ನರಕ್ಕೆ ಪೆಟ್ಟು ಬಿದ್ದರೆ ಅವು ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಗಾಳಿ ಸೋರುತ್ತೆ. ಕೂಗಿ ಕರೆಯಲೂ ಆಗುತ್ತಿರಲಿಲ್ಲ ಅಂತ ಅವಳೇ ಹೇಳಿಕೊಂಡಿದ್ದಾಳೆ. ಇದು ಲೈಮ್‌ನಿಂದ ಬಂದಿದ್ದು ಅಂತ ಪತ್ತೆಯಾಗುವುದಕ್ಕೇ ವರ್ಷಗಳು ಹಿಡಿದವು. 2012ರ ಕೊನೆಗೆ ಲಾಸ್ ವೇಗಸ್‌ನಲ್ಲಿ ಎರಡು ವರ್ಷದ ಕಾರ್ಯಕ್ರಮ ಶುರು ಮಾಡಿದಾಗ ಪ್ರತಿ ದಿನ ಹಾಡುವುದಕ್ಕೆ ಮುಂಚೆ ಗಂಟಲು ಹದ ಮಾಡಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಶಸ್ತ್ರಚಿಕಿತ್ಸೆ ಆಗಿದ್ದು 2018ರಲ್ಲಿ. ಅಂದರೆ 'ನೌ' ರೆಕಾರ್ಡ್ ಆಗಿದ್ದು ರಿಪೇರಿ ಆಗದ ಗಂಟಲಿನಲ್ಲಿ.

ಆಲ್ಬಂ ಬಂದ ವರ್ಷವೇ ದೊಡ್ಡಪ್ಪನ ಮಗಳನ್ನು ಸಾಗರಕ್ಕೆ ಬಿಡಲು ಕಾರಿನಲ್ಲಿ ಹೋಗುತ್ತಿದ್ದೆ. ಅಕ್ಕ ಸುಗಮ ಸಂಗೀತ ಹೇಳಿಕೊಡುವವಳು. ಇಂಗ್ಲಿಷ್ ಹಾಡು ಕೇಳುವವಳೇ ಅಲ್ಲ, ನನ್ನ ಕಾರು ಅಂತ ಸುಮ್ನೆ ಕೂತಿದ್ದಳು. ತಿಪಟೂರು ದಾಟಿದ ಮೇಲೆ 'ಹೂಸ್ ಗಾನಾ ಬಿ ಯುವರ್ ಗರ್ಲ್' ಬಂತು. ನಿಧಾನದ ಹಾಡು. ಒಂದು ಚರಣ ಮುಗಿಯುವವರೆಗೂ ಕೇಳಿ, 'ಇವಳಿಗೆ ಗಂಟಲಿಗೆ ಏನೋ ಆಗಿದೆ ಅಲ್ವೇನೋ?' ಅಂದಳು. ಹೇಗೆ ಗೊತ್ತಾಯ್ತು ಅಂದೆ. 'ಮೇಲೆ ಹೋಗಬೇಕಾದ ಕಡೆ ಮೇಲೆ ಹೋಗ್ತಾ ಇಲ್ಲ ನೋಡು. ಹೋಗೋ ಮುಂಚೆ ಒಂಚೂರು ನಿಲ್ತಾಳೆ. ಹೋದ್ರೆ ಒಡೀತದೆ ಅಂತ ಗೊತ್ತಿದೆ ಅವಳಿಗೆ. ಅದಕ್ಕೆ ಕೆಳಗಿಂದಲೇ ದಾರಿ ಮಾಡ್ಕೊಂಡಿದಾಳೆ.' ನಾನು ಹಳೇ ಶಾನಿಯಾ ಹಾಕಿ ತೋರಿಸಿದೆ. ಅಕ್ಕ ಅದನ್ನು ಅರ್ಧಕ್ಕೇ ನಿಲ್ಲಿಸಿ, 'ಮೊದಲು ಹಾಕಿದ್ದೇ ಹಾಕು ಮಾರಾಯ' ಅಂದಳು.

ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆದಮೇಲೆ ಮೇಲಿನ ಸ್ವರಗಳು ಕೈಬಿಟ್ಟಿದ್ದವು. ಒಂದು ಕಾಲಕ್ಕೆ ಊರಿನ ಗಣಪತಿ ಕಾರ್ಯಕ್ರಮಗಳಲ್ಲಿ ಅವಳು ಹಾಡದೆ ಇರುತ್ತಿರಲಿಲ್ಲ. ಆಮೇಲೆ ವೇದಿಕೆ ಹತ್ತಲಿಲ್ಲ, ಪಾಠ ಮಾತ್ರ. ಮಕ್ಕಳಿಗೆ ಮೇಲಿನ ಷಡ್ಜ ತೋರಿಸಬೇಕಾದರೆ ಹಾರ್ಮೋನಿಯಂ ಒತ್ತಿ ತೋರಿಸುತ್ತಾಳೆ. ಆವತ್ತು ಅದರ ಬಗ್ಗೆ ಏನೂ ಮಾತಾಡಲಿಲ್ಲ. ಅರಸೀಕೆರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ 'ಅವಳು ಶ್ರುತಿ ಎಷ್ಟು ಇಳಿಸಿದಾಳೆ, ಮನೆಗೆ ಹೋಗಿ ನೋಡಬೇಕು' ಅಂದಳಷ್ಟೇ. ನೋಡಿದಳೋ ಇಲ್ಲವೋ ನಾನೂ ಕೇಳಲಿಲ್ಲ.

'ನೌ' ಆಲ್ಬಂನ ದನಿ ಬಗ್ಗೆ ವಿಮರ್ಶಕರ ದೂರು ಬೇರೆ. ಕಂಪ್ಯೂಟರಿನ ಒಪ್ಪ ಜಾಸ್ತಿ ಆಯ್ತು, ದನಿ ಪದರು ಪದರಾಗಿದೆ, ಯಂತ್ರದ ಹಾಗೆ ಕೇಳುತ್ತೆ ಅಂತ. ಸುಳ್ಳಲ್ಲ. 'ಲೆಟ್ಸ್ ಕಿಸ್ ಅಂಡ್ ಮೇಕ್ ಅಪ್' ಥರದ ಹಾಡುಗಳಲ್ಲಿ ನನಗೂ ಕಿರಿಕಿರಿ ಆಗುತ್ತೆ. ಆದರೆ ಒಪ್ಪ ಕಡಿಮೆ ಇರುವ ಕಡೆ, 'ಸೋಲ್ಜರ್'ನಲ್ಲಿ, 'ವೇರ್ ಡು ಯು ಥಿಂಕ್ ಯು ಆರ್ ಗೋಯಿಂಗ್'ನಲ್ಲಿ, ದನಿಯ ಅಂಚು ಒರಟಾಗಿದೆ, ಉಸಿರು ಕೇಳಿಸುತ್ತೆ. ಕಷ್ಟ ಏನು ಅಂತ ಪದಗಳು ಹೇಳುವ ಮುಂಚೆಯೇ ದನಿ ಹೇಳಿಬಿಟ್ಟಿರುತ್ತೆ. ಗಂಡ ಬಿಟ್ಟಿದ್ದನ್ನು ಯಾರು ಬೇಕಾದರೂ ಹಾಡಿನಲ್ಲಿ ಬರೆಯಬಹುದು. ಈ ಗಂಟಲು ಇನ್ನೊಬ್ಬರದ್ದಾಗಲು ಸಾಧ್ಯ ಇಲ್ಲ.

ನಮಗೆ, ಸಿನಿಮಾ ಹಾಡು ಕೇಳಿ ಬೆಳೆದವರಿಗೆ, ಇದೆಲ್ಲ ಸ್ವಲ್ಪ ವಿಚಿತ್ರವೇ. ಹಾಡು ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು, ಪರದೆ ಮೇಲೆ ಅಳುವವರು ಬೇರೆಯೇ. ಎಸ್. ಜಾನಕಿಯವರು ಮಗುವಿನ ದನಿಯಲ್ಲೂ ಮುದುಕಿಯ ದನಿಯಲ್ಲೂ ಹಾಡಿದರು, ಆ ದುಃಖ ಯಾರದ್ದು ಅಂತ ನಾವು ಯಾವತ್ತೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಭಾವಗೀತೆಯಲ್ಲೂ ಹೆಚ್ಚುಕಮ್ಮಿ ಅದೇ, ಕವಿಯ ಮಾತು, ಗಾಯಕರ ಕಂಠ. 'ನೌ' ಬಂದ ಮರು ತಿಂಗಳು, 2017ರ ಅಕ್ಟೋಬರ್‌ನಲ್ಲಿ, ಜಾನಕಿಯವರು ಮೈಸೂರಿನಲ್ಲಿ ಹಾಡಿ ಇನ್ನು ವೇದಿಕೆ ಸಾಕು ಅಂದರು. ವಯಸ್ಸು ಎಂಬತ್ತರ ಹತ್ತಿರ. ಅವರದ್ದು ಒಂದು ದಾರಿ, ಇದ್ದ ಕಂಠವನ್ನು ಇದ್ದ ಹಾಗೇ ನಮ್ಮ ನೆನಪಿಗೆ ಬಿಟ್ಟುಕೊಟ್ಟರು. ಶಾನಿಯಾ ಐವತ್ತೆರಡರಲ್ಲಿ ಕೆಟ್ಟ ಕಂಠವನ್ನೇ ಹೊತ್ತುಕೊಂಡು ಬಂದಳು. ಯಾವುದು ಹೆಚ್ಚು ಅಂತ ತೂಗಲು ನನಗೆ ಮನಸ್ಸಿಲ್ಲ.

ನಗುವಿನ ಹಿಂದಿನ ಸಾಲುಗಳು

ಈಗ ಮೊದಲ ಪ್ರಶ್ನೆ. ಹಳೇ ಹಾಡು ಯಾರದ್ದು?

ಶಾನಿಯಾ ಬೆಳೆದಿದ್ದು ಕೆನಡಾದ ಒಂಟಾರಿಯೊದ ಟಿಮಿನ್ಸ್ ಅನ್ನುವ ಗಣಿ ಊರಿನಲ್ಲಿ. ಬಡತನ ಅಂದರೆ ಊಟಕ್ಕೆ ಗತಿ ಇಲ್ಲದ ಬಡತನ. ಎಂಟನೇ ವಯಸ್ಸಿಗೇ ಬಾರುಗಳಲ್ಲಿ ಹಾಡುತ್ತಿದ್ದಳು. ಮಕ್ಕಳನ್ನು ಒಳಗೆ ಬಿಡುವಂತಿರಲಿಲ್ಲ, ಅದಕ್ಕೆ ಮಧ್ಯರಾತ್ರಿ ಮದ್ಯ ಕೊಡುವುದು ನಿಲ್ಲಿಸಿದ ಮೇಲೆ ಅವಳ ಸರದಿ. ಮಲತಂದೆ ಜೆರ್ರಿ ಟ್ವೇನ್ ತಾಯಿಯನ್ನು ಹೊಡೆಯುತ್ತಿದ್ದ. 1979ರಲ್ಲಿ, ಹದಿಮೂರರ ಹುಡುಗಿ, ಹಟ ಹಿಡಿದು ತಾಯಿ ಮತ್ತು ತಮ್ಮ ತಂಗಿಯರನ್ನು ಹೊರಡಿಸಿದಳು. ಆರುನೂರು ಕಿಲೋಮೀಟರಿಗೂ ಜಾಸ್ತಿ ದೂರದ ಟೊರೊಂಟೊಗೆ ಹೋಗಿ ನಿರಾಶ್ರಿತರ ಆಸರೆಯಲ್ಲಿ ಉಳಿದರು. ಕೆಲವು ವರ್ಷದಲ್ಲಿ ತಾಯಿ ಮತ್ತೆ ಅಲ್ಲಿಗೇ ವಾಪಸ್. ಮುಂದೆ 1987ರ ನವೆಂಬರ್‌ನಲ್ಲಿ ತಾಯಿ, ಮಲತಂದೆ ಇಬ್ಬರೂ ಮರದ ದಿಮ್ಮಿ ತುಂಬಿದ ಲಾರಿಗೆ ಕಾರು ಡಿಕ್ಕಿಯಾಗಿ ತೀರಿಕೊಂಡರು. ಇಪ್ಪತ್ತೆರಡರ ಶಾನಿಯಾ ಚಿಕ್ಕವರನ್ನು ಸಾಕಲು ಹಂಟ್ಸ್‌ವಿಲ್‌ನ ಡೀರ್‌ಹರ್ಸ್ಟ್ ರೆಸಾರ್ಟಿನಲ್ಲಿ ಮಿನುಗು ಬಟ್ಟೆ ಹಾಕಿ ಪ್ರವಾಸಿಗರ ಮುಂದೆ ಹಾಡಿದಳು.

ಇದನ್ನೆಲ್ಲ ಅವಳು 2011ರ ಆತ್ಮಕತೆಯಲ್ಲಿ ಬರೆದಿದ್ದಾಳೆ. ಅದನ್ನು ಓದಿದ ಮೇಲೆ 'ಕಮ್ ಆನ್ ಓವರ್' ಹಾಕಿ ನೋಡಿ. ಕುಣಿತದ ಹಾಡುಗಳ ನಡುವೆ 'ಬ್ಲ್ಯಾಕ್ ಐಸ್, ಬ್ಲೂ ಟಿಯರ್ಸ್' ಅಂತ ಒಂದಿದೆ, ಹೊಡೆಯುವ ಗಂಡನನ್ನು ಬಿಟ್ಟು ಹೊರಡುವ ಹೆಣ್ಣಿನದು. ಸದ್ದು ಮಾತ್ರ ಗಟ್ಟಿ, ಮೇಲೆದ್ದು ಹಾಡುವಂಥದ್ದು, ಅಳುವ ಹಾಡೇ ಅಲ್ಲ. ನಮ್ಮ ಹಾಸ್ಟೆಲ್ಲಿನಲ್ಲಿ ಅದನ್ನು ಜೋರಾಗಿ ಹಾಕಿಕೊಂಡು ಬಟ್ಟೆ ಒಗೆಯುತ್ತಿದ್ದರು. ಕಾರು ಹತ್ತಿ ಟೊರೊಂಟೊಗೆ ಹೊರಟ ಹದಿಮೂರರ ಹುಡುಗಿ ಅದರಲ್ಲಿ ಇಲ್ಲದೆ ಇರುತ್ತಾಳಾ? 1995ರ 'ದ ವುಮನ್ ಇನ್ ಮಿ' ಕೊನೆಗೆ 'ಗಾಡ್ ಬ್ಲೆಸ್ ದ ಚೈಲ್ಡ್' ಅಂತ ವಾದ್ಯವೇ ಇಲ್ಲದ ಪುಟ್ಟ ಜೋಗುಳ ಇದೆ. ಅಪ್ಪ ಅಮ್ಮ ಹೋದ ಮೇಲೆ ಒಬ್ಬಳೇ ಗುನುಗಿಕೊಳ್ಳುತ್ತಿದ್ದುದು ಅದು. ಅದಕ್ಕಿಂತ ವೈಯಕ್ತಿಕ ಬೇಕಾ? ಆದರೆ ಆ ಆಲ್ಬಂ ಬಗ್ಗೆ ಬರೆದವರಿಗೆ ಕಂಡಿದ್ದು ಅವಳ ಹೊಕ್ಕುಳು. ಗಾಯಕಿ ಹೊಟ್ಟೆ ಕಾಣುವ ಹಾಗೆ ಬಟ್ಟೆ ಹಾಕುತ್ತಾಳೆ ಅನ್ನುವುದು ಆಗ ನ್ಯಾಶ್‌ವಿಲ್‌ನಲ್ಲಿ ಗಂಭೀರ ಚರ್ಚೆ.

ನನ್ನ ಅನುಮಾನ ಇಷ್ಟೇ. ಗಂಡಿನಿಂದ ನೋವಾದಾಗ ಮಾತ್ರ ಹೆಣ್ಣಿನ ಹಾಡಿಗೆ ನಾವು 'ಸ್ವಂತ' ಅನ್ನುವ ಮುದ್ರೆ ಒತ್ತುತ್ತೇವೆ. ಹಸಿವು, ಹೊಡೆತ, ಸಾವು ಕಂಡವಳು ಕೂತು ಒಂದು ಕುಣಿಯುವ ಹಾಡು ಕಟ್ಟಿದರೆ ಅದು ವ್ಯಾಪಾರ, ಮೇಲುಮೇಲಿನದು. ಅಷ್ಟೆಲ್ಲ ಕಂಡವಳಿಗೆ ನಗುವುದಕ್ಕೆ ಎಷ್ಟು ಮಾಗಬೇಕು! 'ನೌ' ಆಲ್ಬಂನಲ್ಲಿ ಹೊಸದು ಅಂದರೆ ದನಿ, ಒಂಟಿ ಬರವಣಿಗೆ. ಚೂರಾದ ಮೇಲೆ ಚಪ್ಪಾಳೆ ಹೊಡೆಯುವ ಸ್ವಭಾವ ಅವಳ ಹಳೇದೇ.

'ಯು ಆರ್ ಸ್ಟಿಲ್ ದ ಒನ್' ವಿಷಯ ನೋಡಿ. ನಮ್ಮ ಮದುವೆ ಬಾಳಲ್ಲ ಅಂದರು, ನೋಡಿ ಇನ್ನೂ ಜೊತೆಗಿದ್ದೀವಿ ಅಂತ ಮಟ್ ಜೊತೆ ಬರೆದ ಹಾಡು. ಮದುವೆ ಮುರೀತು. ಆ ಹಾಡನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ವೇಗಸ್ ಕಾರ್ಯಕ್ರಮಕ್ಕೇ 'ಸ್ಟಿಲ್ ದ ಒನ್' ಅಂತ ಹೆಸರಿಟ್ಟಳು. ಎಷ್ಟೋ ಜನ ಅದನ್ನು ತಮ್ಮ ಮದುವೆಯಲ್ಲಿ ಹಾಕಿಕೊಂಡಿದ್ದಾರೆ, ಅವರಿಗೆ ಅದು ಇನ್ನೂ ನಿಜ. ಬರೆದವಳ ಪಾಲಿಗೆ ಸುಳ್ಳಾಗಿ, ಕೇಳಿದವರ ಪಾಲಿಗೆ ನಿಜವಾಗಿ ಉಳಿದ ಹಾಡನ್ನು ಸಾವಿರಾರು ಜನರ ಮುಂದೆ ನಿಂತು ಹಾಡುವುದು ಹೇಗಿರುತ್ತೋ. ನನಗಂತೂ 'ಪೂರ್ ಮಿ'ಗಿಂತ ಆ ದೃಶ್ಯವೇ ಜಾಸ್ತಿ ಕಾಡುತ್ತೆ.

2023ರ ಫೆಬ್ರವರಿಯಲ್ಲಿ 'ಕ್ವೀನ್ ಆಫ್ ಮಿ' ಬಂತು. ಗಂಟಲಿಗೆ ಆಪರೇಷನ್ ಆದ ಮೇಲಿನ ಮೊದಲ ಹೊಸ ಆಲ್ಬಂ, ಪೂರ್ತಿ ಕುಣಿತದ್ದು. ಹಾಡುಗಳಾಗಿ ನೋಡಿದರೆ 'ನೌ' ಅಷ್ಟು ಗಟ್ಟಿ ಇಲ್ಲ, ಹೊಸ ಹುಡುಗಿಯರ ಸದ್ದನ್ನು ಹಿಂಬಾಲಿಸಲು ಹೋಗಿದ್ದಾಳೆ ಅನ್ನಿಸುತ್ತೆ. ಆದರೆ ಅದರಲ್ಲಿ 'ಇನ್ಹೇಲ್/ಎಕ್ಸ್‌ಹೇಲ್ ಏರ್' ಅಂತ ಒಂದು ಹಾಡಿದೆ. ಕೋವಿಡ್ ನ್ಯುಮೋನಿಯಾ ಆಗಿ ಶ್ವಾಸಕೋಶ ಕೈಕೊಟ್ಟು, ವಿಮಾನದಲ್ಲಿ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರು ಅವಳನ್ನು. ಬದುಕಿ ಬಂದು ಬರೆದಿದ್ದು ಉಸಿರಾಟದ ಬಗ್ಗೆ ಒಂದು ಪಾರ್ಟಿ ಹಾಡು. ಅದನ್ನು ಯಾರೂ ಅವಳ ಅತ್ಯಂತ ವೈಯಕ್ತಿಕ ಹಾಡು ಅಂತ ಕರೆದಿದ್ದು ನಾನು ಕಂಡಿಲ್ಲ.

ಹೊಸದಾಗಿ ಕೇಳುವವರಿದ್ದರೆ 'ಪೂರ್ ಮಿ'ಯಿಂದ ಶುರು ಮಾಡಬೇಡಿ. ಮೊದಲು 'ಗಾಡ್ ಬ್ಲೆಸ್ ದ ಚೈಲ್ಡ್', ಆಮೇಲೆ 'ಬ್ಲ್ಯಾಕ್ ಐಸ್, ಬ್ಲೂ ಟಿಯರ್ಸ್', ಅದಾದ ಮೇಲೆ 'ಹೂಸ್ ಗಾನಾ ಬಿ ಯುವರ್ ಗರ್ಲ್'. ಇಯರ್‌ಫೋನ್ ಇದ್ದರೆ ಒಳ್ಳೇದು, ಫೋನಿನ ಸ್ಪೀಕರಿನಲ್ಲಿ ಆ ಉಸಿರು ಕೇಳಿಸಲ್ಲ.